ಲೆಪರ್ಡ್ ಗೆಕ್ಕೊವಿನ ಬಣ್ಣಗಳು: ಕಣ್ಣಿಗೆ ಕಾಣುವುದು, ಮೊಟ್ಟೆಗೆ ಇಳಿಯುವುದು

ಕಾಸರಗೋಡಿನ ಯಾವ ಮನೆಯ ಚಾವಡಿಯಲ್ಲಾದರೂ ಮಳೆಗಾಲದ ಸಂಜೆ ಟ್ಯೂಬ್‌ಲೈಟಿನ ಬಳಿ ಹಾತೆಗಳಿಗಾಗಿ ಹೊಂಚು ಹಾಕಿ ಕುಳಿತ ಹಲ್ಲಿಗಳು ಬಿಳಿಚಿಕೊಂಡು, ಹೆಚ್ಚುಕಡಿಮೆ ಪಾರದರ್ಶಕವಾಗಿ ಕಾಣುತ್ತವೆ. ಮೊಟ್ಟೆಯಿಡಲಿರುವ ಹೆಣ್ಣಾದರೆ ಹೊಟ್ಟೆಯೊಳಗಿನ ಎರಡು ಬಿಳಿ ಮೊಟ್ಟೆಗಳನ್ನು ಹೊರಗಿನಿಂದಲೇ ಎಣಿಸಬಹುದು. ಅದೇ ಹಲ್ಲಿಯನ್ನು ಮರುದಿನ ಹಗಲು ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಎಬ್ಬಿಸಿದರೆ ಕಂದು ಮೈಯ, ಮಸುಕು ಕಲೆಗಳ ಬೇರೆಯೇ ಪ್ರಾಣಿಯೊಂದು ಓಡಿದಂತಾಗುತ್ತದೆ. ಬಿಳಿ ಹಲ್ಲಿ ಒಂದು ಜಾತಿ, ಕರಿ ಹಲ್ಲಿ ಇನ್ನೊಂದು ಜಾತಿ ಎಂದು ತಿಳಿದವರೂ ಇದ್ದಾರೆ. ನಡೆಯುವುದು ಇಷ್ಟೇ: ಚರ್ಮದ ಕೋಶಗಳೊಳಗಿನ ಕಪ್ಪು ಕಣಗಳು ಹಗಲಿನಲ್ಲಿ ಹರಡಿಕೊಳ್ಳುತ್ತವೆ, ರಾತ್ರಿ ಕೋಶದ ನಡುವಿಗೆ ಮುದುಡಿಕೊಳ್ಳುತ್ತವೆ. ಈ ಬದಲಾವಣೆ ಮರಿಗಳಿಗೆ ದಾಟುವಂಥದ್ದಲ್ಲ.

ತಿರುಮಲೆಯ ಬೆಟ್ಟದ ಬಂಡೆಸಂದುಗಳಲ್ಲಿರುವ ಬಂಗಾರದ ಹಲ್ಲಿಯದು ಬೇರೆ ಕತೆ. 1870ರಲ್ಲಿ ಬ್ರಿಟಿಷ್ ಪ್ರಕೃತಿಶಾಸ್ತ್ರಜ್ಞ ಬೆಡ್ಡೋಮ್ ವಿವರಿಸಿದ ಈ ಜಾತಿಯಲ್ಲಿ ಸಂತಾನಕಾಲದ ಗಂಡು ಚಿನ್ನದಂತೆ ಹೊಳೆಯುತ್ತದೆ. ಅಲ್ಲಿ ಬಣ್ಣವು ಜಾತಿಯ ಲಕ್ಷಣ. ಆ ಜಾತಿಯ ಗಂಡುಗಳಿಗೆಲ್ಲ ಸಹಜವಾಗಿ ಬರುವಂಥದ್ದು. ಈ ಲೇಖನದ ವಿಷಯ ಇವೆರಡೂ ಅಲ್ಲದ ಮೂರನೆಯದು: ಒಂದು ಜಾತಿಯ ಸಾವಿರಾರು ಸಾಮಾನ್ಯ ಮರಿಗಳ ನಡುವೆ ಎಲ್ಲೋ ಒಂದು ಮರಿಯಲ್ಲಿ ಜೀನ್ ಬದಲಾಗಿ ಹುಟ್ಟುವ ವಿಚಿತ್ರ ಬಣ್ಣ, ಮತ್ತು ಅದನ್ನು ಮನುಷ್ಯ ಪಂಜರದಲ್ಲಿ ಉಳಿಸಿ ಬೆಳೆಸಿದ ಬಗೆ. ಸಾಕುವವರು ಇಂಥ ಪ್ರತಿಯೊಂದು ಬಗೆಯನ್ನೂ ‘ಮಾರ್ಫ್’ ಎನ್ನುತ್ತಾರೆ.

ಮಾರ್ಫ್‌ಗಳ ಚರಿತ್ರೆಯೆಂದರೆ ಬಹುಪಾಲು ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಮೈಯ ಹಲ್ಲಿಯ ಚರಿತ್ರೆಯೇ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಪಾಕಿಸ್ತಾನ, ಅಫ್ಘಾನಿಸ್ತಾನ ಮತ್ತು ಭಾರತದ ವಾಯವ್ಯ ಭಾಗದ ಒಣ ಕಲ್ಲುಭೂಮಿ ಇದರ ನೆಲೆ. ನಮ್ಮ ಮನೆಹಲ್ಲಿಯಂತೆ ಇದು ಗೋಡೆ ಹತ್ತದು, ಏಕೆಂದರೆ ಬೆರಳಿನಡಿ ಅಂಟುವ ಪಟ್ಟಿಗಳಿಲ್ಲ. ಮನೆಹಲ್ಲಿಗಿಲ್ಲದ ರೆಪ್ಪೆ ಇದಕ್ಕಿದೆ, ಆದ್ದರಿಂದ ಕಣ್ಣು ಮುಚ್ಚಿ ನಿದ್ರಿಸುತ್ತದೆ. ಕೊಬ್ಬು ತುಂಬಿದ ದಪ್ಪ ಬಾಲ, ನಿಧಾನದ ನಡಿಗೆ, ಸಾಕಿದರೆ ಹದಿನೈದಿಪ್ಪತ್ತು ವರ್ಷದ ಆಯುಸ್ಸು, ಪಂಜರದಲ್ಲಿಯೂ ಸುಲಭವಾಗಿ ಮೊಟ್ಟೆಯಿಡುವ ಗುಣ ಎಲ್ಲವೂ ಸೇರಿ ಇದನ್ನು ಅಮೆರಿಕ ಮತ್ತು ಯುರೋಪಿನ ಸಾಕಣೆದಾರರ ಅಚ್ಚುಮೆಚ್ಚಿನ ಹಲ್ಲಿಯನ್ನಾಗಿ ಮಾಡಿದವು. ತಲೆಮಾರುಗಳ ಕಾಲ ಹೀಗೆ ಸಾಕಿದಲ್ಲಿ ಅಪರೂಪದ ಬಣ್ಣಗಳು ಹೊರಬೀಳಲೇಬೇಕು. ಕಾಡಿನಲ್ಲಾದರೆ ಬಿಳಿ ಮೈಯ ಮರಿ ಗೂಬೆಯ ಕಣ್ಣಿಗೋ ಹಾವಿನ ಬಾಯಿಗೋ ಬಿದ್ದು ಆ ಜೀನ್ ಅಲ್ಲಿಗೆ ಮುಗಿಯುವ ಸಂಭವವೇ ಹೆಚ್ಚು. ಗಾಜಿನ ಪೆಟ್ಟಿಗೆಯಲ್ಲಿ ಅದೇ ಮರಿಗೆ ಎಲ್ಲರಿಗಿಂತ ಹೆಚ್ಚು ಬೆಲೆ.

ಬಣ್ಣ ಹೇಗೆ ತಪ್ಪುತ್ತದೆ ಎಂದು ತಿಳಿಯಬೇಕಾದರೆ ಅದು ಹೇಗೆ ಕೂಡಿಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಗೆಕ್ಕೊವಿನ ಚರ್ಮದಲ್ಲಿ ಬಣ್ಣದ ಕೋಶಗಳು ಒಂದರ ಕೆಳಗೊಂದು ಪದರವಾಗಿವೆ. ಮೇಲಿನ ಝಾಂಥೊಫೋರ್‌ಗಳಲ್ಲಿ ಹಳದಿ ಮತ್ತು ಕೇಸರಿ ವರ್ಣದ್ರವ್ಯಗಳಿರುತ್ತವೆ. ಅವುಗಳ ಕೆಳಗಿನ ಇರಿಡೊಫೋರ್‌ಗಳಲ್ಲಿ ಬಣ್ಣವೆಂಬುದೇ ಇಲ್ಲ. ಅಲ್ಲಿರುವುದು ಗ್ವಾನಿನ್ ಎಂಬ ವಸ್ತುವಿನ ಸೂಕ್ಷ್ಮ ಹರಳುಗಳು. ಅವು ಬೆಳಕನ್ನು ಹಿಂದಕ್ಕೆ ಎಸೆದು ಬಿಳುಪನ್ನೂ ಹೊಳಪನ್ನೂ ಕೊಡುತ್ತವೆ. ಬೂತಾಯಿ ಮೀನಿನ ಮೈಯ ಬೆಳ್ಳಿಮಿಂಚು ಕೂಡ ಇದೇ ಗ್ವಾನಿನ್‌ನದು. ಎಲ್ಲಕ್ಕಿಂತ ಕೆಳಗಿನ ಮೆಲನೊಫೋರ್‌ಗಳು ಕಪ್ಪು ಮೆಲನಿನ್ ತುಂಬಿಕೊಂಡು ತಮ್ಮ ಕವಲುಗಳನ್ನು ಮೇಲಕ್ಕೆ ಚಾಚಿರುತ್ತವೆ. ಲೆಪರ್ಡ್ ಗೆಕ್ಕೊವಿನ ಹಳದಿ ಮೈ, ಹೊಟ್ಟೆಯ ಬಿಳುಪು, ಬೆನ್ನಿನ ಕಪ್ಪು ಚುಕ್ಕೆ, ಈ ಮೂರೂ ಈ ಮೂರು ಕೋಶಗಳ ಪಾಲು. ಹೀಗಾಗಿ ಮಾರ್ಫ್ ಒಂದನ್ನು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಬಣ್ಣ ಸೇರಿದೆ ಎಂಬುದಕ್ಕಿಂತ, ಯಾವ ಕೋಶದ ಕೆಲಸ ಕೆಟ್ಟಿದೆ ಎಂಬುದು.

ವಿನ್ಯಾಸದ ವಿಷಯ ಇನ್ನೂ ಸ್ವಾರಸ್ಯದ್ದು. ಮೊಟ್ಟೆಯೊಡೆದ ಮರಿಗೆ ಚುಕ್ಕೆಗಳೇ ಇರುವುದಿಲ್ಲ. ಕಪ್ಪು ಮತ್ತು ಹಳದಿಯ ಅಗಲವಾದ ಅಡ್ಡಪಟ್ಟೆಗಳಿರುತ್ತವೆ. ತಿಂಗಳುಗಳು ಕಳೆದಂತೆ ಆ ಕಪ್ಪು ಪಟ್ಟೆಗಳು ಒಡೆದು, ಬಿರಿದು, ಚುಕ್ಕೆಗಳಾಗಿ ಚದುರುತ್ತವೆ. ಈ ಒಡೆಯುವಿಕೆ ಬೇರೆ ದಾರಿ ಹಿಡಿದರೆ ಬೆನ್ನುದ್ದಕ್ಕೂ ಗೆರೆ ಮೂಡಬಹುದು, ಚುಕ್ಕೆಗಳು ವಿರಳವಾಗಬಹುದು, ಇಲ್ಲವೆ ಪೂರ್ತಿ ಅಳಿಸಿಹೋಗಬಹುದು. ‘ಮರ್ಫಿ ಪ್ಯಾಟರ್ನ್‌ಲೆಸ್’ ಎಂಬ ಮಾರ್ಫ್‌ನ ಮರಿ ಮಸುಕಾದ ಕಲೆಗಳೊಂದಿಗೆ ಹುಟ್ಟಿ, ಬೆಳೆಯುತ್ತ ಬೆಳೆಯುತ್ತ ಅವನ್ನು ಕಳೆದುಕೊಂಡು ಒಂದೇ ಬಣ್ಣದ ಹಲ್ಲಿಯಾಗುತ್ತದೆ. ‘ಬ್ಲಿಝಾರ್ಡ್’ ಆದರೋ ಹುಟ್ಟುವಾಗಲೇ ಕಲೆಯಿಲ್ಲದ ಮೈ ಹೊತ್ತು ಬರುತ್ತದೆ. ಬೆಳೆದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೊಸಬರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಆದರೆ ಇವುಗಳ ಜೀನ್‌ಗಳು ಬೇರೆಬೇರೆ.

ಕಣ್ಣಿಗೆ ಒಂದೇ ರೀತಿ ಕಂಡದ್ದು ಜೀನಿನಲ್ಲಿ ಒಂದೇ ಆಗಿರಬೇಕಿಲ್ಲ ಎಂಬ ಈ ಮಾತು ಆಲ್ಬಿನೊ ಗೆಕ್ಕೊಗಳಲ್ಲಿ ಅತ್ಯಂತ ಸ್ಪಷ್ಟವಾಗುತ್ತದೆ. ಆಲ್ಬಿನೊ ಎಂದರೆ ಅಚ್ಚ ಬಿಳಿ ಎಂಬ ಕಲ್ಪನೆ ಮೊದಲಿಗೇ ಬಿಡಬೇಕು. ಇಲ್ಲಿ ಕೆಟ್ಟಿರುವುದು ಮೆಲನಿನ್ ಮಾತ್ರ. ಹಳದಿಯ ಕೋಶಗಳು ಸುಸ್ಥಿತಿಯಲ್ಲಿಯೇ ಇರುವುದರಿಂದ ಆಲ್ಬಿನೊ ಗೆಕ್ಕೊ ಹಳದಿ, ಕೇಸರಿ, ತಿಳಿಗಂದುಗಳ ಹಲ್ಲಿ. ಕಪ್ಪು ಚುಕ್ಕೆ ಇರಬೇಕಾದಲ್ಲಿ ಚಹಾದ ಕಲೆಯಂಥ ಕಂದು ಅಥವಾ ನಸುನೇರಿಳೆ ಕಾಣುತ್ತದೆ. ಬದಿಯಡ್ಕದ ಕಡೆಯ ಮನೆಯೊಂದರಲ್ಲಿ ಇಂಥದ್ದನ್ನು ಅಂಗೈಯಲ್ಲಿಟ್ಟು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಎದ್ದು ಕಂಡದ್ದು ಮೈಯಲ್ಲ, ಕಣ್ಣು. ಬೆಳ್ಳಿಯಂಥ ಪೊರೆಯ ಮೇಲೆ ಕೂದಲೆಳೆಯಷ್ಟು ಸಪೂರದ ಕೆಂಪು ರಕ್ತನಾಳಗಳು ಜಾಲದಂತೆ ಹರಡಿದ್ದವು. ನಡುವೆ ಅಂಚು ಕಚ್ಚಿಕಚ್ಚಾಗಿದ್ದ ಪಾಪೆ ನೆಟ್ಟಗಿನ ಸೀಳಾಗಿ ನಿಂತಿತ್ತು. ಕಿಟಕಿಯ ಬೆಳಕಿಗೆ ತಿರುಗಿಸಿದೊಡನೆ ಆ ಸೀಳು ದಾರದೆಳೆಯಾಗಿ, ಮರುಗಳಿಗೆಯಲ್ಲಿ ರೆಪ್ಪೆಯೂ ಮುಚ್ಚಿತು. ಮೆಲನಿನ್ ಕಣ್ಣಿನೊಳಗೆ ಬೆಳಕನ್ನು ಹೀರುವ ತೆರೆಯೂ ಹೌದು. ಅದು ಕಡಿಮೆಯಾದ ಗೆಕ್ಕೊಗೆ ಪ್ರಖರ ಬೆಳಕು ಸಹಿಸುವುದಿಲ್ಲ.

1990ರ ದಶಕದ ಉತ್ತರಾರ್ಧದಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಸಾಕಣೆದಾರರ ಬಳಿ ಮೂರು ಪ್ರತ್ಯೇಕ ಆಲ್ಬಿನೊ ವಂಶಗಳು ಕಾಣಿಸಿಕೊಂಡವು: ಟ್ರೆಂಪರ್, ರೈನ್‌ವಾಟರ್ ಮತ್ತು ಬೆಲ್. ಮೂರೂ ‘ರಿಸೆಸಿವ್’, ಅಂದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಜೀನಿನ ಕೆಟ್ಟ ಪ್ರತಿಗಳೆರಡೂ ಸೇರಿದಾಗ ಮಾತ್ರ ಬಣ್ಣದಲ್ಲಿ ಪ್ರಕಟವಾಗುವ ಗುಣಗಳು. ಒಂದೇ ಪ್ರತಿ ಇದ್ದರೆ ಪ್ರಾಣಿ ಸಾಮಾನ್ಯದಂತೆಯೇ ಕಾಣುತ್ತದೆ, ಆದರೆ ಒಳಗೆ ಗುಣವನ್ನು ಹೊತ್ತಿರುತ್ತದೆ. ಸಾಕುವವರು ಇದಕ್ಕೆ ‘ಹೆಟ್’ ಎನ್ನುತ್ತಾರೆ. ಕಾಸರಗೋಡಿನವರಿಗೆ ಇದು ಹೊಸತಾಗಬೇಕಿಲ್ಲ. ಇಲ್ಲಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾಲಯ, ನಮ್ಮ ಬಾಯಲ್ಲಿ ಸಿಪಿಸಿಆರ್‌ಐ, ಚಂದ್ರಶಂಕರ ಎಂಬ ತೆಂಗಿನ ಮಿಶ್ರತಳಿಯನ್ನು ಮಾಡಿದ್ದು ಚಾವಕ್ಕಾಡಿನ ಗಿಡ್ಡ ಜಾತಿಯ ಕೇಸರಿ ತೆಂಗಿಗೆ, ಅಂದರೆ ನಾವು ಗೆಂದಾಳಿ ಎನ್ನುವ ಬಗೆಯದಕ್ಕೆ, ಪಶ್ಚಿಮ ಕರಾವಳಿಯ ಎತ್ತರದ ತೆಂಗಿನ ಪರಾಗ ಕೊಟ್ಟು. ನರ್ಸರಿಯಲ್ಲಿ ಆ ಬೀಜದ ಸಸಿಗಳು ಮೊಳೆತಾಗ ಎಲೆದಂಟು ಕೇಸರಿಯಾಗಿರುವ ಸಸಿಯನ್ನು ಕಿತ್ತು ಬೇರೆ ಇಡುತ್ತಾರೆ, ಏಕೆಂದರೆ ಅದು ಗೆಂದಾಳಿ ತನ್ನದೇ ಪರಾಗದಿಂದ ಕಟ್ಟಿದ ಕಾಯಿ. ದಂಟು ಕಂದು ಮಿಶ್ರಿತ ಹಸಿರಾಗಿರುವುದೇ ನಿಜವಾದ ಮಿಶ್ರತಳಿ. ಆ ಕಂದುಹಸಿರು ಸಸಿಯೊಳಗೆ ಕೇಸರಿಯ ಗುಣ ಅಡಗಿದೆ, ಆದರೆ ಮೇಲೆ ಬಂದಿಲ್ಲ. ಆಲ್ಬಿನೊ ಗೆಕ್ಕೊಗೂ ಸಾಮಾನ್ಯ ಗೆಕ್ಕೊಗೂ ಹುಟ್ಟುವ ಮರಿಗಳೆಲ್ಲ ಹೀಗೆಯೇ ಹೆಟ್.

ಇಂಥ ಎರಡು ಹೆಟ್‌ಗಳನ್ನು ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಆಲ್ಬಿನೊ, ಎರಡು ಹೆಟ್, ಒಂದು ಆ ಗುಣವೇ ಇಲ್ಲದ್ದು. ಸಾಮಾನ್ಯದಂತೆ ಕಾಣುವ ಮೂರರಲ್ಲಿ ಎರಡು ಹೆಟ್ ಆಗಿರುತ್ತವೆ, ಆದರೆ ಯಾವ ಎರಡು ಎಂದು ಬ್ರಹ್ಮನಿಗೇ ಗೊತ್ತು. ಮಾರಾಟದ ಪಟ್ಟಿಗಳಲ್ಲಿ ‘66 ಪರ್ಸೆಂಟ್ ಹೆಟ್’ ಎಂದು ಬರೆಯುವುದು ಇದಕ್ಕೇ. ಆ ಮರಿಯ ಮೈಯಲ್ಲಿ ಶೇಕಡ 66 ಆಲ್ಬಿನೊ ಗುಣ ಇದೆ ಎಂಬ ಅರ್ಥವಲ್ಲ. ಅದು ಹೆಟ್ ಆಗಿರುವ ಸಂಭವ ಮೂರರಲ್ಲಿ ಎರಡು ಎಂದಷ್ಟೇ. ಖಚಿತಪಡಿಸಿಕೊಳ್ಳಲು ಹಳೆಯ ದಾರಿಯೆಂದರೆ ಅದನ್ನು ಪ್ರಕಟ ಆಲ್ಬಿನೊ ಒಂದರೊಡನೆ ಕೂಡಿಸಿ ನೋಡುವುದು. ಒಂದು ಆಲ್ಬಿನೊ ಮರಿ ಬಂದರೂ ಸಾಕು, ಹೆಟ್ ಎಂದು ಸಿದ್ಧವಾಯಿತು. ಬಾರದಿದ್ದರೆ ಕಾಯಬೇಕು: ಹೆಟ್ ಆಗಿದ್ದೂ ಸಾಲಾಗಿ ಎಂಟು ಮರಿಗಳು ಸಾಮಾನ್ಯವಾಗಿ ಹುಟ್ಟುವ ಸಂಭವ 256ರಲ್ಲಿ ಒಂದು. ಹೆಣ್ಣು ಒಂದು ಸಲಕ್ಕೆ ಎರಡೇ ಮೊಟ್ಟೆ ಇಡುವುದರಿಂದ ಎಂಟು ಮರಿಗಳೆಂದರೆ ಸಣ್ಣ ಕೆಲಸವಲ್ಲ.

ಈಗ ಮೂರು ವಂಶಗಳ ಪ್ರಶ್ನೆಗೆ ಬರೋಣ. ಟ್ರೆಂಪರ್ ಆಲ್ಬಿನೊಗೆ ಬೆಲ್ ಆಲ್ಬಿನೊವನ್ನು ಕೂಡಿಸಿದರೆ ಮರಿಗಳು ಆಲ್ಬಿನೊ ಆಗುವುದಿಲ್ಲ. ಎಲ್ಲವೂ ಕಪ್ಪು ಚುಕ್ಕೆಯ ಸಾಮಾನ್ಯ ಗೆಕ್ಕೊಗಳೇ. ಮೆಲನಿನ್ ತಯಾರಾಗಲು ಹಲವು ಪ್ರೋಟೀನುಗಳ ಸರಣಿಯೇ ಬೇಕು. ಒಂದು ವಂಶದಲ್ಲಿ ಒಂದು ಹಂತ ಕೆಟ್ಟಿದ್ದರೆ ಇನ್ನೊಂದರಲ್ಲಿ ಬೇರೆ ಹಂತ. ಒಬ್ಬರಲ್ಲಿಲ್ಲದ್ದನ್ನು ಇನ್ನೊಬ್ಬರು ತುಂಬಿಕೊಟ್ಟುದರಿಂದ ಮರಿಯಲ್ಲಿ ಸರಣಿ ಪೂರ್ತಿಯಾಗಿ ನಡೆಯುತ್ತದೆ. ತೊಂದರೆ ಇರುವುದು ಮೊಮ್ಮಕ್ಕಳ ಕಾಲದಲ್ಲಿ. ಎರಡೂ ಗುಣಗಳ ಹೆಟ್ ಆದ ಮರಿಗಳನ್ನು ತಮ್ಮೊಳಗೆ ಕೂಡಿಸಿದರೆ ಹದಿನಾರರಲ್ಲಿ ಸರಾಸರಿ ಏಳು ಆಲ್ಬಿನೊ: ಮೂರು ಟ್ರೆಂಪರ್, ಮೂರು ಬೆಲ್, ಒಂದು ಎರಡೂ ಸೇರಿದ್ದು. ಯಾವುದು ಯಾವುದೆಂದು ಕಣ್ಣಂದಾಜಿನಲ್ಲಿ ಹೇಳುವುದು ನಂಬಲಾಗದ ಮಾತು. ಅಲ್ಲಿಂದ ಮುಂದೆ ಆ ವಂಶದ ಪ್ರತಿ ಮರಿಯ ಚೀಟಿಯೂ ಊಹೆಯೇ. ಅನುಭವಿ ಸಾಕಣೆದಾರರು ಎರಡು ಆಲ್ಬಿನೊ ವಂಶಗಳನ್ನು ಬೆರೆಸುವವರ ಮೇಲೆ ಸಿಟ್ಟಾಗುವುದಕ್ಕೆ ಕಾರಣ ಇದು, ಮತ್ತು ಆ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಎಲ್ಲ ಗುಣಗಳೂ ಹೀಗೆ ಅಡಗಿ ಕೂರುವುದಿಲ್ಲ. ‘ಮ್ಯಾಕ್ ಸ್ನೋ’ ಎಂಬ ಮಾರ್ಫ್‌ಗೆ ಒಂದು ಪ್ರತಿ ಸಾಕು; ಮರಿಯ ಪಟ್ಟೆಗಳು ಕಪ್ಪು-ಹಳದಿಯ ಬದಲು ಕಪ್ಪು-ಬಿಳಿಯಾಗಿರುತ್ತವೆ, ವಯಸ್ಸಾದಂತೆ ಸ್ವಲ್ಪ ಹಳದಿ ಮರಳುತ್ತದೆ. ಎರಡು ಪ್ರತಿಗಳು ಸೇರಿದಾಗ ಇದಕ್ಕಿಂತ ತೀರ ಭಿನ್ನವಾದ ‘ಸೂಪರ್ ಸ್ನೋ’ ಹುಟ್ಟುತ್ತದೆ: ಬಿಳಿ ಮೈ, ಸಾಲುಗಟ್ಟಿದ ಕಪ್ಪು ಚುಕ್ಕೆಗಳು, ಪಾಪೆಯೇ ಗುರುತಿಸಲಾಗದಂತೆ ಪೂರ್ತಿ ಕಪ್ಪಾದ ಕಣ್ಣು. ಒಂದು ಪ್ರತಿಗೆ ಒಂದು ರೂಪ, ಎರಡಕ್ಕೆ ಮತ್ತೊಂದು ರೂಪ ಕೊಡುವ ಇಂಥ ಗುಣ ಅಪೂರ್ಣ ಪ್ರಬಲ. ಇಲ್ಲಿ ಹೆಟ್‌ನ ಗುಟ್ಟಿಲ್ಲ, ನೋಡಿದರೆ ತಿಳಿಯುತ್ತದೆ.

ಒಂದೊಂದು ಜೀನಿನಲ್ಲಿ ಮುಗಿಯದ ಬಣ್ಣಗಳೂ ಇವೆ. ‘ಟ್ಯಾಂಜರಿನ್’ ಎಂದು ಮಾರುವ ಕಡು ಕೇಸರಿ ಗೆಕ್ಕೊಗಳು ಹಲವು ಜೀನುಗಳ ಸಣ್ಣಸಣ್ಣ ಕೊಡುಗೆ ಕೂಡಿ ಆದವು. ತಲೆಮಾರಿನಿಂದ ತಲೆಮಾರಿಗೆ ಹೆಚ್ಚು ಕೇಸರಿಯವನ್ನೇ ಆರಿಸಿ ಕೂಡಿಸಿದ ಫಲ. ಅಂಥದ್ದನ್ನು ಸಾಮಾನ್ಯ ಗೆಕ್ಕೊಗೆ ಕೂಡಿಸಿದರೆ ಮರಿಗಳು ನಡುವಣ ಬಣ್ಣದವಾಗುತ್ತವೆ, ಮೂರು-ಒಂದರ ಲೆಕ್ಕ ಇಲ್ಲಿ ನಡೆಯದು. ಇದರ ಮೇಲೆ ಕಾವಿನ ಪ್ರಭಾವ ಬೇರೆ. ಲೆಪರ್ಡ್ ಗೆಕ್ಕೊವಿನಲ್ಲಿ ಗಂಡು-ಹೆಣ್ಣನ್ನು ನಿರ್ಧರಿಸುವುದು ಮೊಟ್ಟೆಯ ಉಷ್ಣತೆ: 26 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೆಣ್ಣು, 32ರ ಆಚೆಗೆ ಹೆಚ್ಚಿನಂಶ ಗಂಡು, 34ಕ್ಕೆ ಏರಿದರೆ ಮತ್ತೆ ಹೆಣ್ಣೇ ಹೆಚ್ಚು. ಅದೇ ಉಷ್ಣತೆ ಬಣ್ಣವನ್ನೂ ತಿದ್ದುತ್ತದೆ. ತಂಪಿನಲ್ಲಿ ಕಾವು ಪಡೆದ ಟ್ರೆಂಪರ್ ಆಲ್ಬಿನೊ ಕಂದಾಗಿಯೂ, ಸೆಖೆಯಲ್ಲಿ ಕಾವು ಪಡೆದದ್ದು ತಿಳಿಯಾಗಿಯೂ ಹುಟ್ಟುತ್ತದೆ. ಜೀನ್ ಒಂದೇ, ಪೆಟ್ಟಿಗೆಯ ಕಾವು ಬೇರೆ. ಗಾಢ ಕಂದು ಆಲ್ಬಿನೊವನ್ನು ಕಂಡು ಹೊಸ ಮಾರ್ಫ್ ಸಿಕ್ಕಿತೆಂದು ಹೊಸ ಹೆಸರಿಡುವ ಉತ್ಸಾಹಿಗಳು ಈ ಒಂದು ಸಂಗತಿಯನ್ನು ಮರೆಯುತ್ತಾರೆ.

ಹೆಸರುಗಳ ವಿಚಾರ ಬಂದದ್ದರಿಂದ ಒಂದು ಮಾತು. ‘ರಾಪ್ಟರ್’ ಎಂಬ ಭಯಂಕರ ಹೆಸರಿನ ಹಿಂದೆ ಹೊಸ ಜೀನ್ ಯಾವುದೂ ಇಲ್ಲ. ಕೆಂಪು ಕಣ್ಣು, ಆಲ್ಬಿನೊ, ವಿನ್ಯಾಸರಹಿತ, ಟ್ರೆಂಪರ್, ಕೇಸರಿ ಎಂಬ ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಜೋಡಣೆ ಅದು. ಅದಕ್ಕೆ ಬ್ಲಿಝಾರ್ಡ್ ಸೇರಿಸಿದರೆ ‘ಡಯಾಬ್ಲೊ ಬ್ಲಾಂಕೊ’ ಆಯಿತು. ಹೆಸರು ಉದ್ದವಾದಷ್ಟೂ ಬೆಲೆ ಏರುವುದು ವ್ಯಾಪಾರದ ಜಾಣತನ. ಕೊಳ್ಳುವವರು ಹೆಸರನ್ನು ಬಿಡಿಸಿ ಒಳಗಿನ ಗುಣಗಳನ್ನು ಎಣಿಸಿಕೊಳ್ಳುವುದು ಲೇಸು.

ಇಷ್ಟರವರೆಗೆ ಬಣ್ಣದ ಜೀನ್ ಬಣ್ಣವನ್ನಷ್ಟೇ ಬದಲಿಸುತ್ತದೆ ಎಂಬಂತೆ ಬರೆದೆ. ಅದು ಯಾವಾಗಲೂ ನಿಜವಲ್ಲ. ಬಣ್ಣದ ಕೋಶಗಳು ಚರ್ಮದಲ್ಲಿ ಹುಟ್ಟುವುದಿಲ್ಲ. ಭ್ರೂಣದಲ್ಲಿ ಬೆನ್ನುಹುರಿ ಆಗಲಿರುವ ನಾಳದ ಅಂಚಿನಲ್ಲಿ, ನರಶಿಖೆ ಎಂಬ ಕೋಶಸಮೂಹದಲ್ಲಿ ಹುಟ್ಟಿ ಮೈಯೆಲ್ಲ ಹರಡಿ ಚರ್ಮಕ್ಕೆ ಬಂದು ಸೇರುತ್ತವೆ. ಅದೇ ನರಶಿಖೆಯಿಂದ ನರವ್ಯೂಹದ ಕೆಲವು ಭಾಗಗಳೂ ಮುಖದ ಎಲುಬುಗಳೂ ರೂಪುಗೊಳ್ಳುತ್ತವೆ. ಹೀಗಾಗಿ ಬಣ್ಣ ಬದಲಿಸಿದ ಮ್ಯುಟೇಶನ್, ಅಂದರೆ ಜೀನಿನ ಬದಲಾವಣೆ, ದೇಹದ ಇನ್ನಾವುದೋ ಮೂಲೆಯಲ್ಲಿಯೂ ಕೈಯಾಡಿಸಿದ್ದರೆ ಆಶ್ಚರ್ಯವಿಲ್ಲ.

2006ರ ಸುಮಾರಿಗೆ ಬಂದ ‘ಎನಿಗ್ಮಾ’ ಮಾರ್ಫ್ ನೋಡಲು ಬಹು ಸುಂದರ: ಬಿಳಿ ಬಾಲ, ಸಿಡಿದಂಥ ಸಣ್ಣ ಚುಕ್ಕೆಗಳು, ಎರಡು ಮರಿಗಳು ಒಂದೇ ತರಹ ಇರದಷ್ಟು ವೈವಿಧ್ಯ. ಕೆಲಕಾಲದಲ್ಲೇ ಸಾಕುವವರು ಅವುಗಳ ನಡವಳಿಕೆಯಲ್ಲಿ ಏನೋ ಕೆಟ್ಟಿರುವುದನ್ನು ಗಮನಿಸಿದರು. ತಲೆ ಒಂದು ಬದಿಗೆ ವಾಲುತ್ತದೆ. ಪ್ರಾಣಿ ಒಂದೇ ಕಡೆ ಸುತ್ತುತ್ತದೆ. ಮಿಡತೆಯನ್ನು ಗುರಿಯಿಟ್ಟು ನೆಗೆದರೆ ಬೆರಳಗಲ ಪಕ್ಕಕ್ಕೆ ಬಾಯಿ ಹಾಕುತ್ತದೆ. ಕೆಲವು ಆಕಾಶ ನೋಡುವಂತೆ ಕತ್ತು ಮೇಲೆತ್ತಿ ಹಾಗೆಯೇ ನಿಲ್ಲುತ್ತವೆ. ಕೆಲವು ಎನಿಗ್ಮಾಗಳಲ್ಲಿ ಇದು ಎದ್ದು ಕಾಣದಷ್ಟು ಕಡಿಮೆ, ಕೆಲವಕ್ಕೆ ತಿನ್ನುವುದೇ ಆಗದಷ್ಟು ತೀವ್ರ. ಒಳ್ಳೆಯ ಆಹಾರದಿಂದಲೋ ಬೇರೆ ವಂಶದ ರಕ್ತ ಸೇರಿಸುವುದರಿಂದಲೋ ಬಣ್ಣವನ್ನು ಉಳಿಸಿಕೊಂಡು ಈ ದೋಷವನ್ನಷ್ಟೇ ಕಳೆಯಲು ನಡೆದ ಪ್ರಯತ್ನಗಳು ಫಲಿಸಲಿಲ್ಲ.

‘ಲೆಮನ್ ಫ್ರಾಸ್ಟ್’ ಪ್ರಕರಣ ಇನ್ನೂ ಸ್ಪಷ್ಟವಾದದ್ದು, ಏಕೆಂದರೆ ಅಲ್ಲಿ ವಿಜ್ಞಾನ ಜೀನಿನ ಬಾಗಿಲವರೆಗೂ ಹೋಗಿದೆ. 2010ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಂದು ಮರಿಯಿಂದ ಬೆಳೆದ ವಂಶ ಇದು. ಹಳದಿ ಉಜ್ವಲ, ಬಿಳುಪು ಹಿಮದಂತೆ, ಕಣ್ಣಿನಲ್ಲಿ ಪಾಪೆಯ ಸುತ್ತಲಿನ ಭಾಗವೂ ಬೆಳ್ಳಗೆ. ಮಾರುಕಟ್ಟೆಯಲ್ಲಿ ದೊಡ್ಡ ಸದ್ದು. ಆ ಪ್ರಾಣಿಗಳು ಬೆಳೆಯುತ್ತಿದ್ದಂತೆ ಚರ್ಮದಲ್ಲಿ, ವಿಶೇಷವಾಗಿ ಹೊಟ್ಟೆಯ ಬದಿಯಲ್ಲಿ, ದಪ್ಪ ಬಿಳಿ ಗಂಟುಗಳು ಏಳತೊಡಗಿದವು. ಅವು ಇರಿಡೊಫೋರ್‌ಗಳದೇ ಗಡ್ಡೆಗಳು ಎಂದು ಪರೀಕ್ಷೆ ತೋರಿಸಿತು. ವೈದ್ಯರು ಇದನ್ನು ಇರಿಡೊಫೊರೋಮ ಎನ್ನುತ್ತಾರೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಯೊನಿಡ್ ಕ್ರುಗ್ಲ್ಯಾಕ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಒಂದು ಪ್ರತಿ ಹೊತ್ತ ಪ್ರಾಣಿಗಳಲ್ಲಿಯೂ ಶೇಕಡ 80ಕ್ಕಿಂತ ಹೆಚ್ಚಿನವಕ್ಕೆ ಐದು ವರ್ಷದೊಳಗೆ ಗಡ್ಡೆ ಬರುತ್ತದೆ. ಸಂಶಯದ ಬೆರಳು ‘ಸ್ಪಿಂಟ್1’ ಎಂಬ ಜೀನಿನ ಕಡೆಗೆ. ಇತರ ಪ್ರಾಣಿಗಳಲ್ಲಿಯೂ ಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಕೆಲಸದೊಂದಿಗೆ ನಂಟಿರುವ ಜೀನ್ ಅದು. ಇಲ್ಲಿ ಬಣ್ಣವೂ ರೋಗವೂ ಅಕ್ಕಪಕ್ಕದಲ್ಲಿ ಬಂದ ಎರಡು ಸಂಗತಿಗಳಲ್ಲ. ಬಿಳುಪನ್ನು ಕೊಡುವ ಕೋಶ ಅತಿಯಾಗಿ ಹೆಚ್ಚಿದ್ದೇ ಹೊಳಪಿನ ಕಾರಣ, ಅದು ನಿಲ್ಲದೆ ಹೆಚ್ಚುತ್ತ ಹೋಗುವುದೇ ಗಡ್ಡೆಯ ಕಾರಣ. ಆದ್ದರಿಂದ ಒಂದನ್ನು ಬಿಡಿಸಿ ಇನ್ನೊಂದನ್ನು ಇಟ್ಟುಕೊಳ್ಳುವ ದಾರಿ ಇಲ್ಲ. ಇದು ತಿಳಿದ ಮೇಲೂ ಲೆಮನ್ ಫ್ರಾಸ್ಟ್ ಮರಿಮಾಡಿಸುವುದನ್ನು ನಾನು ಹವ್ಯಾಸವೆಂದು ಕರೆಯಲಾರೆ.

ಲೆಪರ್ಡ್ ಗೆಕ್ಕೊವಿಗೆ ಸೀಮಿತವಾದ ದೋಷವೂ ಇದಲ್ಲ. ನ್ಯೂ ಕ್ಯಾಲಿಡೋನಿಯಾದ ಕ್ರೆಸ್ಟೆಡ್ ಗೆಕ್ಕೊ 1866ರಲ್ಲಿ ವಿಜ್ಞಾನಕ್ಕೆ ಪರಿಚಯವಾಗಿ, ಅಳಿದೇಹೋಯಿತೆಂದು ಎಣಿಸಿದ್ದಾಗ 1994ರಲ್ಲಿ ಮತ್ತೆ ಸಿಕ್ಕ ಹಲ್ಲಿ. ಇಂದು ಲೋಕದಾದ್ಯಂತ ಸಾಕುಪ್ರಾಣಿ. ಅದರ ‘ಲಿಲಿ ವೈಟ್’ ಮಾರ್ಫ್‌ಗೆ ಒಂದು ಪ್ರತಿ ಇದ್ದರೆ ಬೆನ್ನೂ ಬದಿಗಳೂ ಕೆನೆಬಿಳಿಯಾಗಿ ಪ್ರಾಣಿ ಆರೋಗ್ಯದಿಂದಿರುತ್ತದೆ. ಎರಡು ಪ್ರತಿ ಪಡೆದದ್ದು ಮೊಟ್ಟೆಯಲ್ಲೋ ಹುಟ್ಟಿದ ಕೂಡಲೋ ಸಾಯುತ್ತದೆ. ಎರಡು ಲಿಲಿ ವೈಟ್‌ಗಳನ್ನು ಕೂಡಿಸಬಾರದೆಂಬ ನಿಯಮ ಸಾಕಣೆದಾರರಲ್ಲಿ ಇದ್ದೇ ಇದೆ. ಸಾಮಾನ್ಯ ಗೆಕ್ಕೊಗೆ ಕೂಡಿಸಿದರೆ ಅರ್ಧ ಮರಿಗಳು ಲಿಲಿ ವೈಟ್ ಆಗಿಯೇ ಬರುವುದರಿಂದ ನಷ್ಟವೂ ಇಲ್ಲ.

ನಮ್ಮ ಊರಿನ ಹುಡುಗರೂ ಈಗ ಮೊಬೈಲಿನಲ್ಲಿ ಫೋಟೊ ನೋಡಿ ಇವನ್ನು ತರಿಸಿಕೊಳ್ಳುವ ಮಾತಾಡುತ್ತಾರೆ. ಅಂಥವರು ಮಾರುವವರಿಗೆ ಕೇಳಬೇಕಾದದ್ದು ಫೋಟೊ ಅಲ್ಲ, ತಂದೆತಾಯಿಗಳ ವಿವರ: ಯಾವ ಆಲ್ಬಿನೊ ವಂಶ, ಹೆಟ್ ಎಂಬುದು ಪೂರ್ತಿಯೋ 66 ಪರ್ಸೆಂಟೋ, ಹಿಂದಿನ ತಲೆಮಾರಿನಲ್ಲಿ ಎನಿಗ್ಮಾ ಅಥವಾ ಲೆಮನ್ ಫ್ರಾಸ್ಟ್ ಇತ್ತೇ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಒಣನಾಡಿನ ಹಲ್ಲಿಯ ಪೆಟ್ಟಿಗೆಯನ್ನು ಆಟಿ ತಿಂಗಳಲ್ಲಿ ಬೂಷ್ಟು ಹಿಡಿಯದಂತೆ ಒಣದಾಗಿಡುವುದು ಮಾರ್ಫ್ ಯಾವುದೇ ಆದರೂ ತಪ್ಪದ ಕೆಲಸ. ಆಲ್ಬಿನೊ ಆದರೆ ಬೆಳಕೂ ಮಂದವಾಗಿರಬೇಕು.

ಕಾನೂನನ್ನೂ ನೋಡಿಕೊಳ್ಳಬೇಕು. ಲೆಪರ್ಡ್ ಗೆಕ್ಕೊವಿನ ಸೋದರ ಜಾತಿಗಳು ಭಾರತದ ಕಾಡುಗಳಲ್ಲೇ ಇವೆ. ಸಾತ್ಪುರದ್ದನ್ನು 2014ರಲ್ಲಿ, ಒಡಿಶಾ ಮತ್ತು ಆಂಧ್ರದ ಕಡೆಯ ಇನ್ನೊಂದನ್ನು 2022ರಲ್ಲಿ ಹೊಸ ಜಾತಿಗಳೆಂದು ವಿವರಿಸಲಾಯಿತು. ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಯ್ದೆಯ ರಕ್ಷಣೆಯಲ್ಲಿರುವ ನಾಡಿನ ಜಾತಿಗಳನ್ನು ಹಿಡಿದು ಸಾಕುವಂತಿಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ವಿದೇಶಿ ಜಾತಿಗಳನ್ನು ಸಾಕುವವರು ಕೇಂದ್ರ ಸರಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮಾರ್ಫ್ ಎಷ್ಟೇ ವಿಚಿತ್ರವಾಗಿದ್ದರೂ ಕಾಯ್ದೆಗೆ ಲೆಕ್ಕ ಜಾತಿಯದು, ಬಣ್ಣದ್ದಲ್ಲ. ಹಾಗಾಗಿ ಹಣ ಕೊಡುವ ಮೊದಲು ಪ್ರಾಣಿಯ ವೈಜ್ಞಾನಿಕ ಹೆಸರನ್ನು ಬರೆಸಿಕೊಂಡು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ತಂದೆತಾಯಿಗಳ ವಿವರದೊಂದಿಗೆ ಖರೀದಿಯ ರಶೀದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.